ಟೋಪಿಯ ಕೆಳಗಿನ ಮೂಗು

ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು — ಅಲ್ಲ, ಅಕ್ಕಿ, ಕಾಲುಚೀಲದೊಳಗೆ ಅಕ್ಕಿ ಜರುಗಿದ್ದು ಅಷ್ಟೇ, ನಾನು ಮಾಡುತ್ತಿರುವ ಗೊಂಬೆ, ಈ ಗಡ್ಡದ ಕುಳ್ಳ, ಕೂತಲ್ಲೇ ವಾಲಿದ್ದಾನೆ, ನೆಟ್ಟಗೆ ಕೂತ್ಕೊಳೋ, ರಜೆ ಮುಗಿಯುವವರೆಗೆ ಬಾಗಿಲಲ್ಲಿ ಕಾವಲಿರಬೇಕಾದವನು ಈಗಲೇ ತೂಕಡಿಸಿದರೆ ಹೇಗೆ. ಕಾಲುಚೀಲ ನನ್ನ ಗಂಡನದು, ಜೋಡಿ ಕಳೆದುಕೊಂಡದ್ದು, ಅಕ್ಕಿ ಹುಳ ಬಿದ್ದದ್ದು, ಗಡ್ಡ ನನ್ನ ಹಳೇ ಕೋಟಿನ ಕಾಲರಿನ ತುಪ್ಪಳ, ಕೊಂಡು ತಂದದ್ದು ಮೂಗಿಗೆ ಒಂದು ಮರದ ಮಣಿ, ಟೋಪಿಗೆ ಒಂದು ತುಂಡು ಕೆಂಪು ಬಟ್ಟೆ, ಅಂಟು — ಅಂಗಡಿಯವಳು ಎಷ್ಟು ಸಲೀಸಾಗಿ ಹೇಳಿಬಿಟ್ಟಳು, ಇದಕ್ಕೆ ಕಣ್ಣಿನ ತಲೆನೋವೇ ಇಲ್ಲ ಕಣಕ್ಕ, ಮೂಗು ಅಂಟಿಸಿ, ಟೋಪೀನ ಅದರ ತನಕ ಎಳೆದುಬಿಡಿ, ಮಿಕ್ಕಿದ್ದನ್ನ ನೋಡೋರೇ ತುಂಬ್ಕೋತಾರೆ.

ತುಂಬಿಕೊಳ್ಳುತ್ತಾರೆ, ನಾನೂ ತುಂಬಿಕೊಂಡೆನಲ್ಲ, ಆಸ್ಪತ್ರೆಯ ತಣ್ಣನೆಯ ಕೋಣೆ, ಕಬ್ಬಿಣದ ಮೇಜು, ಅವರಿದ್ದ ಬಸ್ಸು ಉರುಳಿ ಬೆಂಕಿ ಹತ್ತಿದ ಮಾರನೆಯ ದಿನ, ಬಿಳೀ ಬಟ್ಟೆ ಹಣೆ ಕಣ್ಣುಗಳನ್ನೆಲ್ಲ ಮುಚ್ಚಿ ಮೂಗಿನ ತನಕ ಬಂದಿತ್ತು, ಅದರ ಕೆಳಗೆ ಮೂಗು, ಮೂಗಿನ ಕೆಳಗೆ ಗಡ್ಡ, ಗಡ್ಡ ಅವರದೇ, ಅಷ್ಟುದ್ದ ಅಷ್ಟೇ ಕಪ್ಪು, ಕೈ ಚಾಚಿದೆ, ಮೈದುನ ಮಣಿಕಟ್ಟು ಹಿಡಿದುಕೊಂಡ, ಎತ್ತಬೇಡಿ ಅತ್ತಿಗೆ, ಮೇಲೆ ನೋಡೋ ಹಾಗಿಲ್ಲ, ಅಣ್ಣನೇ. ಅಣ್ಣನೇ ಅಂದಮೇಲೆ ಅಣ್ಣನೇ. ಇನ್ನು ಬರುವುದಿಲ್ಲ ಎಂದು ಮನಸ್ಸಿಗೆ ಕಲಿಸಲು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು, ಗೇಟು ಕಿರುಗುಟ್ಟಿದರೆ ಎದ್ದು ಹೋಗಿ ಇಣುಕುವುದು ಈಚೆಗಷ್ಟೇ ನಿಂತಿದೆ, ಎರಡೇ ತಟ್ಟೆ ಇಡುವುದು ಈಗಷ್ಟೇ ಕೈಗೆ ಬಂದಿದೆ. ಮಗಳು ಮಾತ್ರ ಅಂದಿನಿಂದ ಅಪ್ಪ ಎಂಬ ಶಬ್ದವನ್ನೇ ಎತ್ತಿಲ್ಲ, ಮೊದಲಾದರೆ ಅವರು ಬಂದ ಕೂಡಲೇ ಓಡಿಹೋಗಿ ಬೆಲ್ ಒತ್ತಬೇಕು ಇವಳು, ಅವರ ಮೂಗಿನ ತುದಿಯಲ್ಲಿ ಸೀತಾಳೆ ಸಿಡುಬು ಬಿಟ್ಟುಹೋದ ಗುಳಿಯೊಂದಿತ್ತಲ್ಲ, ಅದಕ್ಕೆ ಕಿರುಬೆರಳಿಟ್ಟು ಟಿಂಗ್ ಟಾಂಗ್, ಅವರು ಕಣ್ಣು ಮುಚ್ಚಿಕೊಂಡು ಮನೇಲಿ ಯಾರೂ ಇಲ್ಲ ಅನ್ನುವುದು, ಇವಳು ಬಿದ್ದು ಬಿದ್ದು ನಗುವುದು — ಈ ಕುಳ್ಳನಾದರೂ ನಗಿಸಲಿ, ನನ್ನ ಕೈಲಂತೂ ಆಗಿಲ್ಲ.

ಟೋಪಿ ಇನ್ನೂ ಅಂಟಿಸಿಲ್ಲ, ಸುಮ್ಮನೆ ತೊಡಿಸಿದ್ದೇನೆ, ಅಂಟಿನ ಗನ್ನು ಬಿಸಿಯಾಗುತ್ತಿದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಆ ಕೋಣೆಯಲ್ಲೂ ಇತ್ತು ಇಂಥದ್ದೇ ವಾಸನೆ, ಬೇಡ, ಆ ಯೋಚನೆ ಬೇಡ — ಮತ್ತೆ ವಾಲಿದನಲ್ಲ, ನಾನು ಮುಟ್ಟಿಯೇ ಇಲ್ಲ, ಈ ಸಲ ಬಾಗಿಲ ಕಡೆಗೆ. ಮಗಳು ಕುರ್ಚಿ ಹತ್ತಿದ್ದಾಳೆ, ಯಾವಾಗ ಬಂದಳೋ, ಬೆಕ್ಕಿನ ಹೆಜ್ಜೆ ಇವಳದು, ಮಂಡಿಯೂರಿ ಕುಳ್ಳನನ್ನೇ ನೋಡುತ್ತಿದ್ದಾಳೆ, ಕಾಲುಚೀಲದ ಗುರುತು ಹತ್ತಿತೋ ಏನೋ, ಕಿರುಬೆರಳು ಚಾಚಿ ಮಣಿಯ ಮೇಲಿಟ್ಟಳು, ಒತ್ತಿದಳು, ಬೆರಳನ್ನು ಆಚೆ ಈಚೆ ಸವರಿ ಹುಡುಕಿದಳು, ಅಮ್ಮಾ, ಬೆಲ್ ಎಲ್ಲಿ. ಇದು ಮಣಿ ಪುಟ್ಟಾ, ಮಣಿ ನುಣ್ಣಗೇ ಇರುತ್ತೆ. ಹಾಗಾದ್ರೆ ಇದು ಅಪ್ಪ ಅಲ್ಲ, ಅಂದಳು, ಕುರ್ಚಿಯಿಂದ ಇಳಿದು ಹೋದಳು, ಅಪ್ಪ ಅಂದಳು, ಇಷ್ಟು ದಿನದ ಮೇಲೆ ಅಪ್ಪ ಅಂದಳು, ನಾನು ಹಿಗ್ಗಬೇಕಿತ್ತು — ಅಂಟು ಹನಿಯುತ್ತಿದೆ, ಬೆರಳ ಮೇಲೆ ಬಿತ್ತು, ಉರಿಯಲಿ — ಗಡ್ಡ ನೋಡಿದೆ ನಾನು, ಗಡ್ಡವನ್ನೇ ನೋಡಿ ಅತ್ತೆ, ಗಡ್ಡ ಯಾರಿಗಿರುವುದಿಲ್ಲ, ಮೂಗು, ಬಟ್ಟೆಯಂಚಿನಿಂದ ಹೊರಗಿದ್ದ ಮೂಗು, ಮಸಿ ಹತ್ತಿತ್ತು, ಮೈದುನ ಕರವಸ್ತ್ರದಲ್ಲಿ ಒರೆಸಿದ, ಒರೆಸಿದ ಮೇಲೆ ದೀಪದ ಬೆಳಕು ಅದರ ತುದಿಯಲ್ಲಿ ನಿಂತಿತ್ತು, ಎಲ್ಲೂ ತಗ್ಗಿಲ್ಲದೆ, ಮಣಿಯ ಮೇಲೆ ಈಗ ನಿಂತಿರುವ ಹಾಗೆ — ಗೇಟು ಕಿರುಗುಟ್ಟಿತೇ, ಗಾಳಿ, ಗಾಳಿಯೇ ಇರಬೇಕು, ಏಳಬಾರದು, ಬಿಳೀ ಬಟ್ಟೆಯ ಅಂಚು, ಅದರ ಕೆಳಗೆ ಮೂಗು, ನುಣ್ಣಗಿನ ಮೂಗು.