ಪಾಲಪ್ಪನ ಬಂದೂಕಿಗೆ ಬೆಲೆ

ಎಣ್ಣೆ, ಬೆವರಲ್ಲ, ಕೈಗೆ ಅಂಟಿರುವುದು ಎಣ್ಣೆಯೇ, ಆಗಲೇ ನಳಿಗೆ ಸವರಿದಾಗ ಹತ್ತಿದ್ದು, ಈಗ ಕೈ ಮುಚ್ಚಿದ ಹೆಗಲ ವಲ್ಲಿಯ ಕೆಳಗೂ ಅದರ ವಾಸನೆ ಬಿಡಲೊಲ್ಲದು, ಕಬ್ಬಿಣ ಮತ್ತು ಕೊಬ್ಬರಿ ಎಣ್ಣೆ, ದನದ ವಾಸನೆಗೆ ಒಗ್ಗಿದ ಮೂಗಿಗೆ ಇದು ಹೊಸದು — ಹೊಸಪೇಟೆ, ಕಂಪ್ಲಿ ಸಂತೆಗಳಲ್ಲಿ ಎತ್ತು ಎಮ್ಮೆಗಳ ದಲ್ಲಾಳಿ ಮಾಡಿಯೇ ತಲೆ ನರೆತ ಉಜ್ಜಿನಪ್ಪ ನಾನು, ಇವತ್ತು ಬಂದೂಕಿನ ದಲ್ಲಾಳಿ, ಕೇಳಿದವರು ನಕ್ಕಾರು, ನಗಲಿ, ಬೆಲೆ ಕಟ್ಟುವವನಿಗೆ ಮಾಲಿಗೆ ಬಾಲ ಇದ್ದರೇನು ಇಲ್ಲದಿದ್ದರೇನು. ಅಗೋ ಬೇವಿನ ನೆರಳಲ್ಲಿ ಗಾಡಿಯ ಮೂಕಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರಲ್ಲ, ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರ ಮರುಳಸಿದ್ದಪ್ಪ, ಕೊಳ್ಳುವವರು ಅವರು, ಮಾರುವವಳು ಹಂಪಕ್ಕ, ಶಿಕಾರಿ ಪಾಲಪ್ಪನ ಹೆಂಡತಿ, ಹೆಂಡತಿ ಎನ್ನುವಂತಿಲ್ಲ ಈಗ, ಅವನು ಮಣ್ಣಾಗಿ ತಿಂಗಳಾಯಿತು, ಕಮಲಾಪುರದ ಈ ಮನೆಕಟ್ಟೆಯ ಮೇಲೆ ನನ್ನೆದುರು ಕೂತಿದ್ದಾಳೆ. ಲೈಸೆನ್ಸು ಸತ್ತವನ ಹೆಸರಿನಲ್ಲಿತ್ತು, ಅವನ ಜೊತೆ ಅದೂ ಸತ್ತಿತು, ಅಮಾವಾಸ್ಯೆಯೊಳಗೆ ಲೈಸೆನ್ಸಿದ್ದವರಿಗೆ ಮಾರಬೇಕು, ಇಲ್ಲವಾದರೆ ಠಾಣೆಗೆ ಒಪ್ಪಿಸಬೇಕು ಎಂದು ಪೊಲೀಸರು ಹೇಳಿ ಹೋಗಿದ್ದಾರೆ. ಸಾಹುಕಾರರಿಗೆ ಲೈಸೆನ್ಸೂ ಇದೆ, ಕಬ್ಬಿನ ಗದ್ದೆಗೆ ಹಂದಿಯ ಕಾಟವೂ ಇದೆ, ಇಲ್ಲದ್ದು ಎದೆ ಒಂದೇ — ಬಂದೂಕ ತಗೊಂತೀನಿ ಉಜ್ಜಿನಪ್ಪ, ಆದ್ರ ಆ ಸಪ್ಪಳ ಕೇಳಿದ್ರ ನನಗ ಉಂಡದ್ದು ಇಳಿಯಂಗಿಲ್ಲ, ಹೊಡಿಯಾಕ ಒಬ್ಬ ಆಳು ಹುಡುಕಬೇಕು, ಅವನ ಹೆಸರು ಲೈಸೆನ್ಸಿನಾಗ ಸೇರಸಬೇಕು — ಎಂದು ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದರು.

ಎತ್ತಾದರೂ ಬಂದೂಕಾದರೂ ಮೊದಲು ಬಾಯಿ ನೋಡಬೇಕು, ಅದು ನನ್ನ ಪದ್ಧತಿ, ಹಲ್ಲು ನೋಡುವವನಂತೆ ನಳಿಗೆಯ ಬಾಯಿಗೆ ಬೆರಳಿಟ್ಟೆ, ಸಾಹುಕಾರರು ನಕ್ಕರು, ಹಂಪಕ್ಕ ನಗಲಿಲ್ಲ, ಹಿಂದಿಂದ ನೋಡ್ರಿ ಅಣ್ಣಾ ಅಂದಳು, ಹಿಂಬದಿಯ ಗುಂಡನೆ ತುದಿಯ ಹಿಡಿಯನ್ನು ಎಬ್ಬಿಸಿ ಜಗ್ಗಿ ಒಳಗಿನ ಉಕ್ಕಿನ ತುಂಡನ್ನೇ ಹೊರಗೆ ತೆಗೆದಳು, ಒಲೆಯಿಂದ ಕೊಳ್ಳಿ ಎಳೆದಷ್ಟು ಸಲೀಸಾಗಿ, ಈಗ ಬೆಳಕಿಗೆ ಹಿಡೀರಿ — ಹಿಡಿದೆ, ನೋಡಿದೆ, ಶಿವನೇ, ಏನು ನೋಡಿದೆ ನಾನು. ಒಳಗೊಂದು ದಾರಿ ಇತ್ತು. ಹೊರಗೆ ನೆಟ್ಟಗಿರುವ ನಳಿಗೆಯ ಒಳಮೈ ನೆಟ್ಟಗಿರಲಿಲ್ಲ, ಹಗ್ಗದ ಹುರಿಯನ್ನು ಒಳಗಡೆ ಹೊಸೆದಂತೆ ಸಣ್ಣ ಗೀರುಗಳು ಸುತ್ತುತ್ತ ಸುತ್ತುತ್ತ ಆ ತುದಿಗೆ ಹೋಗುತ್ತವೆ, ಆ ತುದಿಯಲ್ಲಿ ಜೋಳದ ಕಾಳಿನಷ್ಟು ಆಕಾಶ, ಅಲ್ಲಿಂದ ಬೆಳಕು ಗೀರು ಹಿಡಿದುಕೊಂಡು ತಿರುಗಿ ತಿರುಗಿ ನನ್ನ ಕಣ್ಣಿಗೆ ಬರುತ್ತದೆ. ಚಿಕ್ಕಂದಿನಲ್ಲಿ ಹಂಪಿಯ ಗುಡಿಯ ಕತ್ತಲೆ ಕೋಣೆಗೆ ಅಪ್ಪ ಕರೆದುಕೊಂಡು ಹೋಗಿ, ಗೋಡೆ ನೋಡಲೇ ಎಂದಾಗ, ಹೊರಗಿನ ಅಷ್ಟು ದೊಡ್ಡ ಗೋಪುರ ಒಂದು ಕಿಂಡಿಯಲ್ಲಿ ತೂರಿ ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿತ್ತು, ಆವತ್ತು ಅಪ್ಪನ ಪಂಚೆ ಹಿಡಿದುಕೊಂಡಿದ್ದೆ, ಇವತ್ತು ಹಿಡಿಯಲು ಏನೂ ಇರಲಿಲ್ಲ. ಇದನ್ನು ಕೊರೆದವನು ಯಾವ ದೇಶದವನೋ, ಕಡಲಾಚೆ ತನ್ನ ದೇಶಕ್ಕೆ ಮರಳುವ ಬಿಳಿ ದೊರೆಯೊಬ್ಬ ಪಾಲಪ್ಪನ ಕೈಗೆ ಕೊಟ್ಟು ಹೋದದ್ದು, ಎಷ್ಟು ಹಂದಿ ಚಿರತೆಗಳ ಜೀವ ಈ ದಾರಿಯಿಂದ ಹೋಗಿದೆಯೋ, ಆದರೂ ಒಂದು ಕಲೆಯಿಲ್ಲ, ತುಕ್ಕಿಲ್ಲ, ಪೂಜೆಯ ತಂಬಿಗೆಯಂತೆ ಬೆಳಗುತ್ತಿದೆ. ದಿನಾ ಒರಸ್ತೀನ್ರಿ, ಅಂದಳು ಹಂಪಕ್ಕ. ಹೆಂಗಸರು ಪಾತ್ರೆ ತಿಕ್ಕುತ್ತಾರೆ, ಬಂದೂಕನ್ನೂ ತಿಕ್ಕಿದ್ದಾಳೆ ಎಂದುಕೊಂಡೆ.

ಆಮೇಲೆ ಬೆಲೆ. ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ, ಹೆಗಲ ವಲ್ಲಿಯನ್ನು ಕೈಗಳ ಮೇಲೆ ಹಾಸಿ ಕೆಳಗೆ ಬೆರಳು ಹಿಡಿಯಬೇಕು, ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಮಾತ್ರ. ಬೆರಳಿಗೆ ಐವತ್ತು ರೂಪಾಯಿ ಎಂದು ಇಬ್ಬರಿಗೂ ಮೊದಲೇ ಹೇಳಿದ್ದೆ. ಸಾಹುಕಾರರ ಕೈ ಮೊದಲು, ತವಡಿನ ಚೀಲದಂತೆ ಮೆತ್ತಗಿತ್ತು, ನನ್ನ ನಾಲ್ಕು ಬೆರಳು ಹಿಡಿದರು, ಇನ್ನೂರು. ಹಂಪಕ್ಕನನ್ನು ಎರಡು ಬೆರಳಿಗೆ ಒಪ್ಪಿಸಿದರೆ ಉಳಿದ ನೂರು ನನ್ನದು, ಕಳ್ಳತನವೇನಲ್ಲ, ಕಸುಬಿನ ನೇಮ, ವಲ್ಲಿಯ ಕೆಳಗೆ ತಿಳಿದದ್ದು ವಲ್ಲಿಯ ಮೇಲೆ ಬರಬಾರದು ಎನ್ನುವುದೂ ಅದೇ ನೇಮ, ಅದನ್ನು ಮುರಿದ ದಲ್ಲಾಳಿಗೆ ಸಂತೆಯಲ್ಲಿ ನೀರು ಹುಟ್ಟುವುದಿಲ್ಲ. ಇವಳ ಪರವಾಗಿ ಕೈ ಕೊಡಲು ಮೈದುನ ಜಂಬಪ್ಪ ಮುಂದೆ ಬಂದ, ಹೆಂಗಸು ವಲ್ಲಿಗೆ ಕೈ ಹಾಕಿದ್ದನ್ನು ನಾನಂತೂ ಕಂಡಿಲ್ಲ, ಆದರೆ ಇವಳು, ನೀ ಸರಿಯಪ, ಮಾರಾಕಿ ನಾನು, ಕೈನೂ ನಂದ, ಎಂದು ಕೂತೇಬಿಟ್ಟಳು. ಆಗಲಿ ತಂಗಿ ಎಂದು ವಲ್ಲಿ ಹಾಸಿದೆ, ಎರಡು ಬೆರಳು ಹಿಡಿದೆ, ತೋರುಬೆರಳು, ನಡುಬೆರಳು, ನೂರು — ಅಲ್ಲಿಗೆ ನನ್ನ ಕೈ ನಿಂತಿತು. ನಿಂತೇ ಇದೆ.

ತೋರುಬೆರಳಿನ ಮೊದಲ ಗೆಣ್ಣಿನ ಒಳಗಡೆ ಒಂದು ಜಡ್ಡು. ಕೈ ಓದುವುದರಲ್ಲಿ ನಾನು ಮೋಸ ಹೋಗುವವನಲ್ಲ, ಕುಡುಗೋಲಿನ ಜಡ್ಡು ಅಂಗೈಯಲ್ಲಿರುತ್ತದೆ, ಬೀಸುವ ಕಲ್ಲಿನದು ಹೆಬ್ಬೆರಳ ಬುಡದಲ್ಲಿ, ಬಾವಿಯ ಹಗ್ಗದ್ದು ಎಲ್ಲ ಬೆರಳುಗಳ ಮೇಲೆ ಅಡ್ಡಲಾಗಿ, ಇದು ಅಲ್ಲೆಲ್ಲೂ ಇಲ್ಲ, ಒಂದೇ ಬೆರಳಿಗೆ ಒಂದೇ ಕಡೆ, ಆಗಲೇ ನಾನು ಬಂದೂಕಿನ ಕುದುರೆಗೆ, ಗುಂಡು ಹಾರಿಸಲು ಎಳೆಯುವ ಕೊಂಡಿಗೆ, ಬೆರಳು ಸೇರಿಸಿ ನೋಡಿದಾಗ ಆ ಉಕ್ಕು ಬಂದು ಕೂತದ್ದು ಸರಿಯಾಗಿ ಈ ಜಾಗಕ್ಕೇ. ಪಾಲಪ್ಪನ ಕೈಯನ್ನೂ ಹಿಡಿದವನು ನಾನು, ಹಿಂದಿನ ವರ್ಷ ಎಮ್ಮೆ ಕೊಳ್ಳಲು ಬಂದಿದ್ದ, ವಲ್ಲಿಯ ಕೆಳಗೆ ನನ್ನ ಕೈಗಾಗಿ ತಡಕಾಡಿದ, ಮಾತಾಡುವಾಗ ನನ್ನ ಮುಖ ಬಿಟ್ಟು ಕಿವಿಯ ಕಡೆ ನೋಡುತ್ತಿದ್ದ, ಕುಡಿದಿದ್ದಾನೆ ಅಂದುಕೊಂಡೆ, ಕಣ್ಣಿಗೆ ಪೊರೆ ಬಂದಿತ್ತಲ್ಲ ಅವನಿಗೆ, ಬೆಳ್ಳಗೆ, ನೋಡಿಯೂ ನೋಡಲಿಲ್ಲ ನಾನು, ಅವನ ತೋರುಬೆರಳು ಬಾಳೆಯ ಸುಳಿಯಂತೆ ನುಣ್ಣಗಿತ್ತು. ಹಾಗಾದರೆ ಹೋದ ಮಾಘದಲ್ಲಿ ಸಂಡೂರು ಗುಡ್ಡದಿಂದ ಇಳಿದು ಬಂದ ಚಿರತೆ, ಒಂದೇ ಗುಂಡು, ಕಿವಿಯ ಹಿಂದೆ, ಊರೆಲ್ಲ ಪಾಲಪ್ಪನನ್ನು ಗಾಡಿ ಹತ್ತಿಸಿ ಹಲಗೆ ಬಡಿದು ಮೆರೆಸಿದರು, ಇವಳು ಬುತ್ತಿಗಂಟು ಹೊತ್ತು ಗಾಡಿಯ ಹಿಂದೆ ಧೂಳಿನಲ್ಲಿ ನಡೆದು ಬರುತ್ತಿದ್ದಳು. ಹೆಂಡತಿಯ ಸೆರಗು ಹಿಡಿದು ಮರದ ಮೇಲಿನ ಮಚಾನು ಹತ್ತುವ ಶಿಕಾರಿ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದೆವು, ನಾನೇ ಕೇಳಿದ್ದೆ, ಏನೋ ಪಾಲಪ್ಪ, ನಿನ್ನ ಹೇಣ್ತಿ ಬರದಿದ್ರ ಗುಂಡು ಹಾರಂಗಿಲ್ಲೇನು, ಹಾರಂಗಿಲ್ಲ ನೋಡಪ, ಅಂದ, ಎಲ್ಲರೂ ಬಿದ್ದು ಬಿದ್ದು ನಕ್ಕೆವು, ಅವನೂ ನಕ್ಕ. ನಿಜವನ್ನೇ ಹೇಳಿದ್ದ ಪುಣ್ಯಾತ್ಮ.

ಈ ಕೈಗೆ ನಡುಕವೇ ಇಲ್ಲ. ಎಂಥ ಸಾಹುಕಾರನ ಕೈಯೂ ಬೆಲೆ ಹತ್ತಿರ ಬಂದಾಗ ಮಿಡಿಯುತ್ತದೆ, ಇವಳದು ನಿಂತ ನೀರು, ಕತ್ತಲಲ್ಲಿ ಚಿರತೆಯ ಎದುರಿಗೂ ಹೀಗೇ ಇದ್ದಿರಬೇಕು, ಪಕ್ಕದಲ್ಲಿ ಕಣ್ಣು ಕಾಣದ ಗಂಡ ಉಸಿರು ಬಿಗಿಹಿಡಿದು — ನನಗೂ ಉಸಿರು ಬಿಡಲು ಆಗುತ್ತಿಲ್ಲ, ಹೆದರಿಕೆಯಲ್ಲ ಇದು, ಕೈ ಮುಗಿಯಬೇಕು ಅನ್ನಿಸುತ್ತಿದೆ, ಮುಗಿಯಬೇಕಾದ ಕೈ ಅವಳ ಕೈಯಲ್ಲಿದೆ. ನೂರು ಎಲ್ಲಿಯ ಮಾತು, ಮೂರು ಬೆರಳು ಹಿಡಿದೆ, ನಾಲ್ಕೂ ಹಿಡಿದೆ, ನನ್ನ ನೂರಕ್ಕೆ ಎಳ್ಳುನೀರು ಬಿಟ್ಟೆ, ಒಪ್ಪಿಕೋ ತಂಗಿ, ಇದಕ್ಕಿಂತ ಮೇಲೆ ಅವರ ಹತ್ತಿರವೂ ಇಲ್ಲ. ಅವಳು ತಲೆ ಬಗ್ಗಿಸಿ, ನನಗೊಬ್ಬನಿಗೇ ಕೇಳುವಂತೆ — ರೊಕ್ಕ ಸಾಕಣ್ಣಾ, ಭಾಳಾತು, ಆದ್ರ ಅದೊಂದ ಗಾಡಿ ಹತ್ತಿ ಹೋದ್ರ ನಾ ಇಲ್ಲಿ ಕುಂತು ಏನ್ ಮಾಡ್ಲಿ. ಗಂಡ ಹೋದಾಗ ಅಳದ ಹೆಂಗಸು ಎಂದು ಊರು ಮಾತಾಡಿಕೊಂಡಿತ್ತು, ಈಗ ನೋಡಿದರೆ ಕಣ್ಣು ತುಂಬಿವೆ, ಕೈ ಮಾತ್ರ ಹಾಗೇ ಇದೆ. ಆತೇನೋ ಉಜ್ಜಿನಪ್ಪ, ಹೊತ್ತು ಏರಾಕತ್ತೈತಿ, ಎಂದು ಸಾಹುಕಾರರು, ಬಂದೂಕು ಹೊಡೆಯುವ ಆಳು ಬೇಕೆಂದವರು, ಎಲೆ ಉಗುಳಿ ಎದ್ದು ಬರುತ್ತಿದ್ದಾರೆ, ಏನು ಹೇಳಲಿ, ಹೇಳಿದರೆ ನೇಮ ಮುರಿಯಿತು, ಹೇಳದಿದ್ದರೆ ಈ ಕೈ ಸತ್ತಿತು, ಬಾಯಿಗೆ ಬಂದದ್ದು ಸಂತೆಯ ಮಾತೇ — ಸಾವ್ಕಾರ್ರ, ಇನ್ನೂರು ಆತ್ರಿ, ಆದ್ರ ಇದು ಜೋಡಿ ಮಾಲು, ಒಡದು ಕೊಡಾಕ ಬರಂಗಿಲ್ಲ. ಜೋಡಿ ಅಂದ್ರ, ಇನ್ನೊಂದೆಲ್ಲೈತಿ, ಎಂದು ಅವರು ಕಟ್ಟೆಯ ಮೇಲೆ, ಬಾಗಿಲ ಸಂದಿಯಲ್ಲಿ, ನನ್ನ ಬೆನ್ನ ಹಿಂದೆ ಇನ್ನೊಂದು ಬಂದೂಕು ಹುಡುಕುತ್ತಿದ್ದಾರೆ, ಅಷ್ಟರಲ್ಲಿ ಕೆಳಗಿನ ಕೈ ಅಲುಗಿತು, ನನ್ನ ಹಿಡಿತದಿಂದ ಜಾರಿತು, ವ್ಯವಹಾರ ಮುಗಿಯುವ ಮೊದಲು ವಲ್ಲಿಯಿಂದ ಯಾರೂ ಕೈ ತೆಗೆಯುವುದಿಲ್ಲ ತಂಗಿ, ಯಾರೂ, ಬಟ್ಟೆಯ ಅಂಚು ಎದ್ದಿತು, ಬಳೆ ಇಲ್ಲದ ಮುಂಗೈ ಹೊರಗೆ ಬಂತು, ಇಲ್ಲೈತ್ರಿ ಅಂದಳು, ಬಿಸಿಲಿನಲ್ಲಿ, ಸಾಹುಕಾರರ ಮುಖದ ಎದುರಿಗೆ, ಅಷ್ಟೂ ಜನರ ಎದುರಿಗೆ, ಒಂದೇ ಬೆರಳು, ಜಡ್ಡು ಹೊಳೆಯುತ್ತಿದೆ, ಅಲುಗುತ್ತಿಲ್ಲ, ಆ ಬೆರಳು, ಅಲುಗುತ್ತಲೇ ಇಲ್ಲ ಆ ಬೆರಳು.