ಕಾಜಾ ಹೊಲಿಯುವವನ ಮುನಿಸು

ಕೋಟಿನ ಗುಂಡಿ ತೂರುವ ಕಾಜಾ ಹೊಲಿಯುವುದರಲ್ಲಿ ಮೂರು ಲೋಕದಲ್ಲೂ ನನಗೆ ಸಮಾನರಿಲ್ಲ. ನಾಲ್ಕನೆಯ ಲೋಕ ಇದ್ದರೆ ಅಲ್ಲೂ ವಿಚಾರಿಸಿ ನೋಡಿ. ನನ್ನ ಕಾಜಾ ಕಂಡರೆ ಗುಂಡಿ ತಾನಾಗಿಯೇ ನಡೆದುಹೋಗಿ ಒಳಗೆ ಕೂರುತ್ತದೆ. ಇಂಥ ನಾನು ಭಾವನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಹನ್ನೊಂದು ವರ್ಷದಲ್ಲಿ ಒಂಬತ್ತು ಲಕ್ಷ ಕಾಜಾ ಹೊಲಿದೆ. ಆ ಕೋಟು ತೊಟ್ಟ ಒಬ್ಬ ಮನುಷ್ಯನ ಮುಖವನ್ನೂ ಕಾಣಲಿಲ್ಲ.

"ಭಾವಾ, ಶನಿವಾರ ಆದ್ಮೇಲೆ ನಾನು ಬರೋದಿಲ್ಲ" ಅಂದುಬಿಟ್ಟೆ.

ಭಾವನ ಬಾಯಲ್ಲಿದ್ದ ಗುಂಡುಪಿನ್ನುಗಳೆಲ್ಲ ಉದುರಿದವು. "ಸಂಬಳ ಸಾಲದೇನಯ್ಯ?"

"ಸಂಬಳದ ಮಾತಲ್ಲ."

"ಹಾಗಾದ್ರೆ ಸೆಕೆ!" ಎಂದು ತಾವೇ ತೀರ್ಮಾನಿಸಿ, ವಿಮಾನದ ರೆಕ್ಕೆಯಷ್ಟು ದೊಡ್ಡ ಫ್ಯಾನು ತಂದು ನನ್ನ ಬೆನ್ನ ಹಿಂದೆ ನಿಲ್ಲಿಸಿದರು. ಸ್ವಿಚ್ಚು ಹಾಕಿದ್ದೇ ತಡ, ದಾರ, ಚಿಂದಿ, ಅಳತೆ ಚೀಟಿ ಎಲ್ಲ ಎದ್ದು ಕುಣಿದವು. ಯಾರದೋ ಕೋಟಿನ ತೋಳು ಕಿಟಕಿಯಿಂದ ಹಾರಿ, ರಸ್ತೆಯ ಸೈಕಲ್ಲಿನವನಿಗೆ ಕೈ ಬೀಸಿತು.

ಇಸ್ತ್ರಿ ಮೇಜಿನಿಂದ ಅಕ್ಕ ಕೂಗಿದಳು. "ರೀ, ಅವನ ಉರಿ ಬೆನ್ನಲ್ಲಿಲ್ಲ. ಏನೋ ನಿನ್ನ ಗೋಳು? ಬಾಯಿಬಿಟ್ಟು ಹೇಳಬಾರ್ದಾ?"

ಹೇಗೆ ಹೇಳಲಿ? 'ನನ್ನನ್ನು ಹೊಗಳಿ' ಎಂದು ಕೇಳುವುದು ನನ್ನಂಥ ವಿನಯವಂತನಿಗೆ ಸಾಧ್ಯವೇ? ವಿನಯದಲ್ಲೂ ನನಗೆ ಸಮಾನರಿಲ್ಲ.

ಶನಿವಾರ ಸೂಜಿ, ಕತ್ತರಿ ಗಂಟು ಕಟ್ಟಿಕೊಂಡು ಮುಂದಿನ ಕೋಣೆಗೆ ಬಂದೆ. ಕನ್ನಡಿಯ ಮುಂದೆ ಬಸ್ಸಿನಷ್ಟು ಅಗಲದ ಗಿರಾಕಿಯೊಬ್ಬರು ಹೊಸ ಕೋಟು ತೊಟ್ಟು ನಿಂತಿದ್ದರು. ಒಂದೇ ಬೆರಳಲ್ಲಿ ಗುಂಡಿ ಹಾಕಿದರು. ಬಿಚ್ಚಿದರು. ಮತ್ತೆ ಹಾಕಿದರು. ಮುಖ ಊರಗಲ ಅರಳಿತು.

"ಭಲೇ! ಈ ಕಾಜಾ ಯಾರು ಹೊಲಿದದ್ದು?"

"ನಮ್ಮಲ್ಲೇ" ಅಂದರು ಭಾವ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಧೊಪ್ಪನೆ ಇಟ್ಟಳು. "ನಮ್ಮಲ್ಲಿ ಯಾರು ಅಂತ ಹೇಳ್ರೀ!"

"ಇವನು... ನನ್ನ ಭಾಮೈದ."

ಗಿರಾಕಿ ನನ್ನ ಕೈ ಹಿಡಿದು ಕುಲುಕಿದರು. ನಾನು ಎರಡಡಿ ಬೆಳೆದೆ, ನೆತ್ತಿ ಸೂರಿಗೆ ಬಡಿಯಿತು.

ಅವರು ಹೋದ ಮೇಲೆ ಭಾವ ಬೆಪ್ಪಾಗಿ ಕೇಳಿದರು, "ಇದೇನಾ ನಿನ್ನ ಕಾಯಿಲೆ?"

"ನನ್ನ ಕುರ್ಚಿ ಕನ್ನಡಿ ಪಕ್ಕ ಹಾಕಿ. ಸಾಯೋವರೆಗೂ ಇಲ್ಲೇ ಇರ್ತೀನಿ."

ಭಾವ ತಾವೇ ಕುರ್ಚಿ ಹೊತ್ತು ತಂದರು.

ಈಗ ಐದು ಸಲ ಗುಂಡಿ ಹಾಕಿಸಿ ಬಿಚ್ಚಿಸದೆ ಯಾವ ಗಿರಾಕಿಯನ್ನೂ ನಾನು ಹೊರಗೆ ಬಿಡುವುದಿಲ್ಲ. ನಿನ್ನೆ ಒಬ್ಬರು ಹಾಗೆ ಮೂರನೆಯ ಸಲ ಬಿಚ್ಚುತ್ತಿದ್ದಾಗ, ಅಕ್ಕ ಮೇಜು ಬಿಟ್ಟು ಎದ್ದು ಬಂದಳು.

"ಕಾಜಾ ನೋಡಿದ್ದು ಸಾಕು, ಸ್ವಾಮಿ. ಆ ಇಸ್ತ್ರಿ ಯಾರು ಮಾಡಿದ್ದು ಅಂತಾನೂ ಸ್ವಲ್ಪ ಕೇಳಿ!"

ನಾನು ಕುರ್ಚಿ ಸರಿಸಿ ಅವಳಿಗೂ ಜಾಗ ಮಾಡಿಕೊಟ್ಟೆ.