ಅಂಟಿನ ಕಾಲಂ

"ಒಂದು ಸಹಿ ಹಾಕೋಕೆ ನಿನ್ನ ಗಂಟೇನು ಹೋಗುತ್ತೆ?" ತಮ್ಮ ಕೂಗಾಡಿದ. "ಸಕ್ಕರೆ ಹಾಕಿಲ್ಲ ಅಂತ ತಾನೆ ಬರೆದಿರೋದು? ಹಾಕಿದೀಯಾ?"

"ಹಾಕಿಲ್ಲ," ಅಂದಳು ಅಕ್ಕ.

"ಮತ್ತೆ?"

"ಮತ್ತೆ ನಿನ್ನ ತಲೆ. ತಿಂದೋರ ರಕ್ತಕ್ಕೆ ನಿನ್ನ ಕಾಗದ ಓದೋಕೆ ಬರಲ್ಲ ಕಣೋ."

ಹಿಟ್ಟು ಕಲಸುವ ಯಂತ್ರ ಇಬ್ಬರ ಮಧ್ಯೆ ಗುರುಗುಡುತ್ತಿತ್ತು. ಬಿಸ್ಕತ್ತು ಕಾರ್ಖಾನೆಗೆ ಯಜಮಾನ ತಮ್ಮನೇ, ಆದರೆ ಕಲಸುವ ಕೋಣೆ ಅಕ್ಕನದು. ಹತ್ತೊಂಬತ್ತು ವರ್ಷದಿಂದ ಅವಳು ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಎಳೆದು ನೋಡಿ 'ಇನ್ನೆರಡು ನಿಮಿಷ' ಅಂದರೆ ಎರಡೇ ನಿಮಿಷ. ಗಡಿಯಾರ ಬೇಕಾದರೆ ತಪ್ಪಲಿ. ಅವಳ ಬಾಯಿ ಕಂಡರೆ ತಮ್ಮನಿಗೆ ದಿನಕ್ಕೆ ಮೂರು ಸಲ ಸಿಟ್ಟು ಬರುತ್ತಿತ್ತು. ಅವಳ ಕೈ ಬಗ್ಗೆ ಅನುಮಾನ ಮಾತ್ರ ಒಂದು ದಿನವೂ ಬಂದಿರಲಿಲ್ಲ.

ತಪ್ಪು ಹುಟ್ಟಿದ್ದು ಕಲಸುವ ಪುಸ್ತಕದಲ್ಲಿ. ಅಪ್ಪನ ಕಾಲದಿಂದ ಅದರಲ್ಲಿ ನಾಲ್ಕೇ ಕಾಲಂ: ಹಿಟ್ಟು, ಕೊಬ್ಬು, ಸಕ್ಕರೆ, ಅಂಟು. ಹಿಟ್ಟು ಉದುರದ ಹಾಗೆ ಹಿಡಿದಿಡುವ ಮಾಲ್ಟ್ ಪಾಕ, ಹಣ್ಣಿನ ಪಾಕ ಎಲ್ಲವೂ ಅಂಟಿನ ಕಾಲಂಗೆ ಹೋಗುತ್ತಿದ್ದವು. ಹೊಸ ಓಟ್ಸ್ ಬಿಸ್ಕತ್ತಿಗೆ ಸಕ್ಕರೆಯ ಕಾಲಂನಲ್ಲಿ ಅಕ್ಕ 'ಇಲ್ಲ' ಎನ್ನುವ ಒಂದು ಅಡ್ಡಗೀಟು ಎಳೆದಿದ್ದಳು. ಅದನ್ನು ಕಂಡು ತಮ್ಮ ಕುಣಿದಾಡಿಬಿಟ್ಟ. ಕಾರ್ಖಾನೆಯವರೆಲ್ಲ 'ಬಣ್ಣದ ಬುಡ್ಡಿ' ಎಂದು ಕರೆಯುತ್ತಿದ್ದ ಜಾಹೀರಾತಿನವನು ಇನ್ನೂ ಒಂದು ಕೈ ಮೇಲೆ ಹೋಗಿ, 'ಸಕ್ಕರೆ ಇಲ್ಲವೇ ಇಲ್ಲ! ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ತಿನ್ನಿ' ಎಂದು ಪೊಟ್ಟಣದ ಮೇಲೂ ಪತ್ರಿಕೆಯಲ್ಲೂ ಅಚ್ಚು ಹಾಕಿಸಿದ. ಪಕ್ಕದಲ್ಲಿ ಹಸಿರು ಎಲೆ ಬೇರೆ.

ಅಕ್ಕ ಪೊಟ್ಟಣ ನೋಡಿದ ದಿನವೇ ಬೈದಿದ್ದಳು. ಅಚ್ಚಾದ ಪೊಟ್ಟಣ ಮುಗಿಯಲಿ ಅಂದ ತಮ್ಮ, ಮುಗಿಯುವ ಮೊದಲೇ ಮತ್ತೆ ಅಚ್ಚು ಹಾಕಿಸಿದ. ಅವಳೂ ಬೈಯುತ್ತ ಕಲಸುತ್ತಲೇ ಇದ್ದಳು. ಕೊನೆಗೆ ಸಕ್ಕರೆ ಕಾಯಿಲೆಯ ನಿವೃತ್ತ ಬಸ್ ಚಾಲಕನೊಬ್ಬ ಅಚ್ಚಾದದ್ದನ್ನು ನಂಬಿ, ದಿನಕ್ಕೊಂದು ಪೊಟ್ಟಣ ತಿಂದು ಆಸ್ಪತ್ರೆ ಸೇರಿದ. ಅವನ ಮಗಳು ಚೀಲದ ತುಂಬ ಖಾಲಿ ಪೊಟ್ಟಣ ಹೊತ್ತು ಆಹಾರ ಇಲಾಖೆಗೆ ಹೋದಳು. ಅಲ್ಲಿಂದ ನೋಟಿಸ್ ಬಂತು: ಕಲಸಿದವರು ಸಹಿ ಮಾಡಿದ ಹೇಳಿಕೆ ಬೇಕು. ಜಗಳ ಅದಕ್ಕೇ.

ಅಕ್ಕ ಸಹಿ ಹಾಕಲಿಲ್ಲ. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತಾನೇ ವಿಚಾರಣೆಗೆ ಬಂದಳು.

ಕಾರ್ಖಾನೆಯ ವಕೀಲ ಅರ್ಧ ಗಂಟೆ ಮಾತಾಡಿದ. ಒಂದು ಕಾಳು ಸಕ್ಕರೆಯೂ ಆ ಕೋಣೆಗೆ ಹೋಗಿಲ್ಲ ಅನ್ನುವುದೇ ಅವನ ಮಾತಿನ ಸಾರ. ತಮ್ಮ ತಲೆದೂಗುತ್ತ ಕೂತಿದ್ದ. ಕನ್ನಡಕದ ಅಧಿಕಾರಿಣಿ ಅಕ್ಕನ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು.

"ಸಕ್ಕರೆ ಹಾಕಿಲ್ಲ ಮೇಡಂ. ಹೊಟ್ಟೆಗೆ ಹೋದ್ರೆ ಅದೇ ಕೆಲಸ ಮಾಡೋ ಪಾಕ ಹಾಕಿದೀನಿ. ಪೊಟ್ಟಣಕ್ಕೆ ಮೂರು ಚಮಚ ಬೀಳುತ್ತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕಲಸಿದೆ. ನನ್ನ ಹೆಸರೂ ಬರ್ಕೊಳಿ."

ತಮ್ಮನ ಮೈ ಉರಿದುಹೋಯಿತು. ಆದರೂ ಅವನ ಕಣ್ಣು ಅವಳ ಮೇಲಿಂದ ಕದಲಲಿಲ್ಲ. ಲೋಟ ಒಡೆದದ್ದನ್ನು ಹೆಂಡತಿಯ ಮುಂದೆ ಒಪ್ಪಿಕೊಳ್ಳಲೂ ಅವನಿಗೆ ಎದೆ ಸಾಲದು. ಇವಳು ತುಂಬಿದ ಕೋಣೆಯಲ್ಲಿ ನೆಟ್ಟಗೆ ನಿಂತು, ಹಿಟ್ಟಿನ ಹದ ಹೇಳುವಷ್ಟೇ ಸಲೀಸಾಗಿ ತನ್ನ ತಪ್ಪು ಹೇಳುತ್ತಿದ್ದಳು. ವಕೀಲ ಕೂಡ ಪೆನ್ನಿನ ಮುಚ್ಚಳ ಮುಚ್ಚಿದ.

ಆದೇಶವಾಯಿತು: ದಂಡ, ಅಂಗಡಿಗಳಿಂದ ಪೊಟ್ಟಣಗಳೆಲ್ಲ ವಾಪಸು, ಜಾಹೀರಾತು ಬಂದ ಪತ್ರಿಕೆಯಲ್ಲೇ, ಅದೇ ಪುಟದಲ್ಲಿ, ಅಷ್ಟೇ ಅಗಲದ ತಿದ್ದುಪಡಿ.

ಮಾರನೆಯ ಬೆಳಿಗ್ಗೆ ಬಣ್ಣದ ಬುಡ್ಡಿ ತಿದ್ದುಪಡಿ ಬರೆದು ತಂದ: 'ಸಿಬ್ಬಂದಿಯ ಕಣ್ತಪ್ಪಿನಿಂದ...' ತಮ್ಮ ಅದನ್ನು ಕಲಸುವ ಕೋಣೆಗೆ ಒಯ್ದು ತೋರಿಸಿದ. ಅಕ್ಕ ನಿಂತಲ್ಲೇ ಓದಿ, ಅವನ ಜೇಬಿನ ಪೆನ್ನು ಕಿತ್ತುಕೊಂಡು ಆ ಎರಡು ಪದ ಹೊಡೆದುಹಾಕಿ, ಮೇಲೆ 'ಗೊತ್ತಿದ್ದೂ' ಎಂದು ಬರೆದಳು.

ಉಳಿದಿರುವ ಮರ್ಯಾದೆಯೂ ಹೋಗುತ್ತದೆ, ಆ ಪದ ತೆಗೆ ಎಂದು ತಮ್ಮ ಹಾರಾಡಿದ. ಅಷ್ಟಕ್ಕೇ ಬಿಡಲಿಲ್ಲ.

"ಅಷ್ಟೊಂದು ಸತ್ಯವಂತೆ ಆಗಿದ್ರೆ ಅವತ್ತೇ ಕಲಸೋದು ನಿಲ್ಲಿಸ್ಬೇಕಿತ್ತು ನೀನು."

"ನಿಲ್ಲಿಸ್ಬೇಕಿತ್ತು," ಅಂದಳು ಅಕ್ಕ. "ಈಗ ನಿಲ್ಲಿಸ್ತೀನಿ."

ಯಂತ್ರ ನಿಲ್ಲಿಸಿದಳು. ಮೊಣಕೈವರೆಗೆ ಕೈ ತೊಳೆದು, ತಲೆಯ ಟೋಪಿ ತೆಗೆದು ಮೊಳೆಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟಳು. ಟೀ ಹೊತ್ತಿಗೆ ಬರುತ್ತಾಳೆ ಅಂದುಕೊಂಡ ತಮ್ಮ.

ಮೂರನೆಯ ದಿನ ಪತ್ರಿಕೆಯಲ್ಲಿ ತಿದ್ದುಪಡಿ ಬಂತು. ಅವಳು ಬರೆದ ಪದವನ್ನು ಅವನು ಹಾಗೇ ಉಳಿಸಿದ್ದ. ಅವಳು ಮಾತ್ರ ಬರಲಿಲ್ಲ.